ಪ್ರತಿಕ್ರಿಯೆ: ಹುಡಿ ಬಿದ್ದರೂ ತೆನೆಯಲ್ಲಿ ಕಾಳು ಯಾಕಿಲ್ಲ?

ಜತ್ತ ಹತ್ತಿರದ ನಿಮ್ಮ ಹೊಲದ ಗೋವಿನಜೋಳದಲ್ಲಿ ಸೂಲಂಗಿಯಿಂದ, ಅಂದರೆ ಗಿಡದ ತುದಿಯ ಗಂಡು ಹೂವಿನಿಂದ, ಹುಡಿ (ಪರಾಗ) ಚೆನ್ನಾಗಿಯೇ ಉದುರಿತ್ತು, ಆದರೂ ತೆನೆ ಹಲ್ಲು ಬಿದ್ದ ಬಾಯಿಯ ಹಾಗಿದೆ ಅಂದಿರಿ. ಹುಡಿ ಬಿದ್ದರೆ ಅರ್ಧ ಕೆಲಸ ಮಾತ್ರ ಆದಂತೆ.

ತೆನೆಯ ತುದಿಯಲ್ಲಿ ಕೂದಲು ಇರುತ್ತದಲ್ವಾ, ಅದರ ಒಂದೊಂದು ಎಳೆಯೂ ಒಂದೊಂದು ಕಾಳಿಗೆ ಸೇರಿದ್ದು. ಎಳೆಯ ಮೇಲೆ ಕೂತ ಪರಾಗದ ಕಣ ನೀರು ಹೀರಿ ಉಬ್ಬುತ್ತದೆ, ಕೆಲವೇ ನಿಮಿಷಗಳಲ್ಲಿ ಸಣ್ಣ ಕೊಳವೆ ಬಿಡುತ್ತದೆ. ಅದೇ ಪರಾಗನಾಳ. ಕಣ್ಣಿಗೆ ಸರಿಯಾಗಿ ಕಾಣದ ಆ ಕಣ ಎಳೆಯೊಳಗೇ 20 ಸೆಂಟಿಮೀಟರ್, ಕೆಲವೊಮ್ಮೆ ಇನ್ನೂ ಜಾಸ್ತಿ, ನಾಳ ಬೆಳೆಸುತ್ತದೆ. ಅದೂ ಸುಮಾರು ಒಂದು ದಿನದಲ್ಲಿ! ಒಳಗೆ ಎರಡು ಗಂಡು ಕೋಶಗಳು ಸಾಗುತ್ತವೆ. ಒಂದು ಅಂಡದ ಜೊತೆ ಸೇರಿ ಮೊಳಕೆಯ ಕುಡಿ ಆಗುತ್ತದೆ. ಇನ್ನೊಂದರಿಂದ ನಾವು ತಿನ್ನುವ ಹಿಟ್ಟಿನ ಭಾಗ.

ಈ ನಾಳವನ್ನು ಮೊದಲು ಕಂಡವರು ಇಟಲಿಯ ವಿಜ್ಞಾನಿ ಅಮಿಚಿ, 1824ರಲ್ಲಿ, ನಮ್ಮ ಗೋಳಿಸೊಪ್ಪಿನ ಹೂವಿನಲ್ಲಿ. ಪಲ್ಯ ಮಾಡುವಾಗ ನೆನಪಾಗುತ್ತದೆ.

ನಿಮ್ಮಲ್ಲಿ ಆಗ ಬಿಸಿಲು ಜೋರಿತ್ತು, ನೀರೂ ತಡವಾಯಿತು ಅಂತ ಬರೆದಿದ್ದೀರಿ. ನನಗೆ ಅನುಮಾನ ಅಲ್ಲೇ. ಎಳೆ ಒಣಗಿದರೆ ನಾಳ ದಾರಿಯಲ್ಲೇ ನಿಲ್ಲುತ್ತದೆ. ತುದಿಯ ಎಳೆಗಳು ಕೊನೆಗೆ ಹೊರಬರುವುದರಿಂದ ಅಲ್ಲೇ ಜಾಸ್ತಿ ಖಾಲಿ.

ಮುಂದಿನ ಸಲ ಹುಡಿ ಉದುರಿ ನಾಲ್ಕೈದು ದಿನವಾದ ಮೇಲೆ ಒಂದು ಹಸಿ ತೆನೆಯ ರವದಿ (ಹೊರಗಿನ ಸಿಪ್ಪೆ) ಮೆಲ್ಲಗೆ ಬಿಚ್ಚಿ, ಸುಮ್ನೆ ಅಲ್ಲಾಡಿಸಿ. ಕಾಳು ಕಟ್ಟಿದ ಕಡೆಯ ಕೂದಲು ಉದುರುತ್ತದೆ. ಅಂಟಿಕೊಂಡೇ ಉಳಿದದ್ದು ಖಾಲಿ ಜಾಗದ್ದು.