ಹಳೆಯ 10 ಇಂಚಿನ ಮಿನಿ ಲ್ಯಾಪ್‌ಟಾಪ್ ಈಗಿನ ದಿನಬಳಕೆಗೆ ಆದೀತೇ?

ನಿಮ್ಮ ಪ್ರಶ್ನೆ ಇಷ್ಟು: 2010ರ ಸುಮಾರಿನ ಮಿನಿ ಲ್ಯಾಪ್‌ಟಾಪ್, ಇಂಟೆಲ್ ಆಟಮ್ ಪ್ರೊಸೆಸರ್, 1 ಜಿಬಿ ರ‍್ಯಾಮ್, 250 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 7 ಸ್ಟಾರ್ಟರ್. ಮೇಲ್ ನೋಡಲು, ಬರೆಯಲು, ಪಿಡಿಎಫ್ ಓದಲು, ಆಗೀಗ ಒಂದು ವಿಡಿಯೊ ನೋಡಲು ಇದು ಸಾಕೇ, ಸಾಲದಿದ್ದರೆ ಏನೇನು ಬದಲಿಸಬೇಕು ಅಂತ ಕೇಳಿದ್ದೀರಿ.

ಸಾಕು, ಆದರೆ ಈಗಿರುವಂತೆ ಸಾಲದು. ರ‍್ಯಾಮ್ 2 ಜಿಬಿಗೆ ಏರಿಸಿ, ಹಾರ್ಡ್ ಡಿಸ್ಕ್ ತೆಗೆದು ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಕೂರಿಸಿ, ವಿಂಡೋಸ್ ಬಿಟ್ಟು ಹಗುರವಾದ ಒಂದು ಲಿನಕ್ಸ್ (ಪುಕ್ಕಟೆ ಆಪರೇಟಿಂಗ್ ಸಿಸ್ಟಂ) ಹಾಕಿ. ಇದಕ್ಕಿಂತ ಹೆಚ್ಚು ದುಡ್ಡು ಇದರ ಮೇಲೆ ಸುರಿಯಬೇಡಿ. ಬರವಣಿಗೆ, ಮೇಲ್, ಪಿಡಿಎಫ್ ಆರಾಮಾಗಿ ನಡೆಯುತ್ತವೆ, ವಿಡಿಯೊ ಒದ್ದಾಡಿಕೊಂಡು ನಡೆಯುತ್ತದೆ. ವಿಡಿಯೊ ಕಾಲ್ ಆಸೆ ಮಾತ್ರ ಬಿಟ್ಟುಬಿಡಿ. ಇಂಥ ಯಂತ್ರವನ್ನು ಸುಸ್ತು ಮಾಡುವುದು ಬ್ರೌಸರ್ ಒಂದೇ. ಕೆಳಗೆ ಹೇಳುವುದರಲ್ಲಿ ಮುಕ್ಕಾಲು ಪಾಲು ಬ್ರೌಸರಿಗೆ ಜಾಗ ಮಾಡಿಕೊಡುವ ಕಸರತ್ತೇ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಪ್ರೊಸೆಸರ್ ಯಾವುದು ಅಂತ ನೋಡಿಕೊಳ್ಳಿ, ಯಾವ ಲಿನಕ್ಸ್ ಹಾಕಬಹುದು ಎಂಬುದು ಅದರ ಮೇಲಿದೆ. ಕಂಪ್ಯೂಟರ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ಹೆಸರು ಕಾಣುತ್ತದೆ. ಎನ್270 ಅಥವಾ ಎನ್280 ಆಗಿದ್ದರೆ ಅದು 32 ಬಿಟ್ (ಹಳೆಯ ಬಗೆಯದ್ದು) ಮಾತ್ರ. ಎನ್450, ಎನ್455, ಎನ್550, ಎನ್570 ಇವು 64 ಬಿಟ್ ಓಡಿಸಬಲ್ಲವು. ಅದೇ ಕಿಟಕಿಯಲ್ಲಿ ಸಿಸ್ಟಂ ಟೈಪ್ 32 ಬಿಟ್ ಎಂದು ಬರೆದಿರುತ್ತದೆ, ಅದನ್ನು ನೋಡಿ ನಿರ್ಧಾರ ಮಾಡಬೇಡಿ. ಅದು ಹೇಳುವುದು ವಿಂಡೋಸಿನ ಜಾತಿಯನ್ನು, ಪ್ರೊಸೆಸರಿನದನ್ನಲ್ಲ. ಸ್ಟಾರ್ಟರ್ ಆವೃತ್ತಿ ಬಂದದ್ದೇ 32 ಬಿಟ್‌ನಲ್ಲಿ. ಎನ್2600, ಎನ್2800 ಅಥವಾ ಝಡ್ ಅಕ್ಷರದಿಂದ ಶುರುವಾಗುವ ಆ ಕಾಲದ ಆಟಮ್ ಇದ್ದರೆ ಸ್ವಲ್ಪ ಯೋಚಿಸಿ. ಅವುಗಳ ಗ್ರಾಫಿಕ್ಸ್ ಇಂಟೆಲ್‌ನ ಸ್ವಂತದ್ದಲ್ಲ, ಪವರ್‌ವಿಆರ್ ಮೂಲದ್ದು, ಅದಕ್ಕೆ ಲಿನಕ್ಸಿನಲ್ಲಿ ಒಳ್ಳೆಯ ಡ್ರೈವರ್ ಇಲ್ಲ. ಅಕ್ಷರ, ಪುಟ ಕಾಣುತ್ತವೆ, ವಿಡಿಯೊ ಮಾತ್ರ ಇನ್ನಷ್ಟು ಕುಂಟುತ್ತದೆ.

ಇನ್ನು ರ‍್ಯಾಮ್. ಈ ಪೀಳಿಗೆಯ ಬಹುತೇಕ ಮಾದರಿಗಳಿಗೆ 2 ಜಿಬಿಯೇ ಮಿತಿ, 4 ಜಿಬಿ ಕಡ್ಡಿ ತಂದು ಹಾಕಿದರೆ ಬೂಟೇ ಆಗದಿರಬಹುದು. ಸಾಮಾನ್ಯವಾಗಿ ಒಂದೇ ಸ್ಲಾಟ್ ಇರುತ್ತದೆ, ಹಾಗಾಗಿ ಇರುವ 1 ಜಿಬಿ ತೆಗೆದು 2 ಜಿಬಿಯ ಒಂದೇ ಕಡ್ಡಿ ಹಾಕಬೇಕು. ಎನ್450ರಲ್ಲಿ ಡಿಡಿಆರ್2, ಎನ್455, ಎನ್550, ಎನ್570ರಲ್ಲಿ ಹೆಚ್ಚಾಗಿ ಡಿಡಿಆರ್3. ಮೊದಲನೆಯದಕ್ಕೆ 200 ಪಿನ್, ಎರಡನೆಯದಕ್ಕೆ 204 ಪಿನ್, ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿ. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ, ಒತ್ತಿದರೆ ಸ್ಲಾಟ್ ಮುರಿಯುತ್ತದೆ. ಹಳೆಯ ಕಡ್ಡಿಯ ಸ್ಟಿಕರಿನಲ್ಲಿ ಪಿಸಿ2 ಎಂದಿದ್ದರೆ ಡಿಡಿಆರ್2, ಪಿಸಿ3 ಎಂದಿದ್ದರೆ ಡಿಡಿಆರ್3. ಲ್ಯಾಪ್‌ಟಾಪಿನ ಸೋಡಿಮ್ ಬೇಕೆಂದು ಕೇಳಿ, ಡೆಸ್ಕ್‌ಟಾಪಿನ ಉದ್ದ ಕಡ್ಡಿ ಬೇಡ.

ಹಾಕುವಾಗ ಚಾರ್ಜರ್ ತೆಗೆಯಿರಿ, ಬ್ಯಾಟರಿಯನ್ನೂ ತೆಗೆಯಿರಿ, ಪವರ್ ಬಟನ್ ಕೆಲವು ಸೆಕೆಂಡು ಒತ್ತಿ ಉಳಿದ ಚಾರ್ಜ್ ಇಳಿಸಿ. ಕಡ್ಡಿಯನ್ನು ಓರೆಯಾಗಿ ಪೂರ್ತಿ ಒಳಗೆ ತಳ್ಳಿ, ಆಮೇಲೆ ಕೆಳಕ್ಕೆ ಒತ್ತಿದರೆ ಎರಡೂ ಬದಿಯ ಕ್ಲಿಪ್ ಟಕ್ ಎಂದು ಹಿಡಿಯುತ್ತವೆ. ಬಂಗಾರದ ಬಣ್ಣದ ಪಟ್ಟಿ ಹೊರಗೆ ಕಾಣುತ್ತಿದ್ದರೆ ಇನ್ನೂ ಪೂರ್ತಿ ಕೂತಿಲ್ಲ. ಆನ್ ಮಾಡಿದಾಗ ದೀಪ ಹತ್ತಿ ಪರದೆ ಕಪ್ಪಾಗಿಯೇ ಇದ್ದರೆ ಹತ್ತರಲ್ಲಿ ಒಂಬತ್ತು ಸಲ ಇದೇ ಕಾರಣ, ತೆಗೆದು ಮತ್ತೆ ಕೂರಿಸಿ. ಕೆಲವು ಮಾದರಿಗಳ ಅಡಿಯಲ್ಲಿ ಸಣ್ಣ ಮುಚ್ಚಳ ಇರುತ್ತದೆ, ಎರಡು ಸ್ಕ್ರೂ ಬಿಚ್ಚಿದರೆ ಮುಗಿಯಿತು. ಕೆಲವದರಲ್ಲಿ ಕೀಬೋರ್ಡ್ ಎತ್ತಬೇಕು. ಏಸರ್ ಆಸ್ಪೈರ್ ವನ್‌ನ ಮೊದಲ ಮಾದರಿಯಲ್ಲಿ ಮದರ್‌ಬೋರ್ಡನ್ನೇ ಹೊರತೆಗೆಯಬೇಕು, ಆ ಕೆಲಸ ಕೈ ಪಳಗಿದವರಿಗೇ ಸರಿ. ಕೀಬೋರ್ಡ್ ಎತ್ತುವುದಾದರೆ ಮೇಲಂಚಿನ ಕ್ಲಿಪ್‌ಗಳನ್ನು ತೆಳು ಪ್ಲಾಸ್ಟಿಕ್ ಕಾರ್ಡಿನಿಂದ ಒಂದೊಂದಾಗಿ ಹಿಂದಕ್ಕೆ ತಳ್ಳಿ, ಆದರೆ ಎತ್ತಿ ಎಳೆಯಬೇಡಿ. ಕೆಳಗೆ ತೆಳ್ಳಗಿನ ರಿಬ್ಬನ್ ಕೇಬಲ್ ಇರುತ್ತದೆ. ಅದರ ಕನೆಕ್ಟರಿನ ಪುಟ್ಟ ಲಾಕನ್ನು ಉಗುರಿನಿಂದ ಒಂದೆರಡು ಮಿಲಿಮೀಟರ್ ಸಡಿಲಿಸಿದ ಮೇಲೇ ಕೇಬಲ್ ಬಿಡುತ್ತದೆ. ಲಾಕ್ ಕೆಲವದರಲ್ಲಿ ಮೇಲಕ್ಕೆ ಮಡಚುತ್ತದೆ, ಕೆಲವದರಲ್ಲಿ ಮುಂದಕ್ಕೆ ಜಾರುತ್ತದೆ, ಯಾವುದು ಅಂತ ಟಾರ್ಚ್ ಹಿಡಿದು ನೋಡಿ. ಆ ಲಾಕ್ ಮುರಿದರೆ ಕೀಬೋರ್ಡ್ ಹೋದಂತೆಯೇ.

ಎಸ್‌ಎಸ್‌ಡಿ ಹಾಕುವುದು ಇದಕ್ಕಿಂತ ಸುಲಭ. 2.5 ಇಂಚಿನ ಸಾಟಾ (ಲ್ಯಾಪ್‌ಟಾಪ್ ಡಿಸ್ಕಿನ ಸಾಮಾನ್ಯ ಜೋಡಣೆ) ಬಗೆಯದ್ದು, 120 ಅಥವಾ 128 ಜಿಬಿ ಸಾಕು, ವೇಗದ ದುಬಾರಿ ಮಾದರಿ ತರುವುದು ದಂಡ. ಎನ್270 ಯಂತ್ರಗಳ ಸಾಟಾ ಸೆಕೆಂಡಿಗೆ 150 ಎಂಬಿ ದಾಟಲಾರದು, ಅತಿ ಅಗ್ಗದ ಎಸ್‌ಎಸ್‌ಡಿಯೂ ಅಷ್ಟು ಕೊಡುತ್ತದೆ. ನಮಗೆ ಬೇಕಾಗಿರುವುದು ಗರಿಷ್ಠ ವೇಗವೂ ಅಲ್ಲ. ರ‍್ಯಾಮ್ ತುಂಬಿ ಸ್ವಾಪ್ (ಹಿಡಿಸದ್ದನ್ನು ಡಿಸ್ಕಿಗೆ ಸಾಗಿಸುವುದು) ಶುರುವಾದಾಗ ಹಾರ್ಡ್ ಡಿಸ್ಕಿನ ಮುಳ್ಳು ಅಲ್ಲಿಂದಿಲ್ಲಿಗೆ ಓಡಾಡುವುದರಲ್ಲೇ ಮೌಸ್ ನಿಂತುಹೋಗುತ್ತದಲ್ಲ, ಆ ಕಾಟ ತಪ್ಪಬೇಕು, ಅಷ್ಟೆ. ಹಳೆಯ ಡಿಸ್ಕ್ 9.5 ಮಿಮೀ ದಪ್ಪ, ಈಗಿನ ಎಸ್‌ಎಸ್‌ಡಿ 7 ಮಿಮೀ. ಬ್ರಾಕೆಟ್ಟಿನಲ್ಲಿ ಸಡಿಲವಾದರೆ ಮೇಲೆ ದಪ್ಪ ರಟ್ಟಿನ ತುಂಡು ಇಟ್ಟು ಬಿಗಿಯಿರಿ. ಮೊದಲ ಕಾಲದ ಆಸುಸ್ ಈ ಪಿಸಿ 701, 900 ಮತ್ತು ಡೆಲ್ ಮಿನಿ 9 ಈ ಮಾತಿಗೆ ಹೊರತು. ಅವುಗಳ ಸ್ಟೋರೇಜ್ ಸಾಮಾನ್ಯ ಸಾಟಾ ಡ್ರೈವ್ ಅಲ್ಲ, ಅಂಥ ಯಂತ್ರವಾದರೆ ನಾನು ದಿನಬಳಕೆಗೆ ಶಿಫಾರಸು ಮಾಡುವುದೇ ಇಲ್ಲ.

ವಿಂಡೋಸ್ 7ಕ್ಕೆ ಭದ್ರತಾ ಅಪ್‌ಡೇಟ್ 2020ರ ಜನವರಿ 14ಕ್ಕೆ ನಿಂತಿತು, ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ಮುಗಿದಿದೆ. ಆದ್ದರಿಂದ ಮೇಲ್, ಪಾಸ್‌ವರ್ಡ್ ವಿಷಯ ಇರುವ ಕಡೆ ಲಿನಕ್ಸೇ ದಾರಿ. 64 ಬಿಟ್ ಪ್ರೊಸೆಸರ್ ಆದರೆ 64 ಬಿಟ್ ಡೆಬಿಯನ್ (ಲಿನಕ್ಸಿನ ಒಂದು ರೂಪ) ಹಾಕಿ. 2 ಜಿಬಿ ರ‍್ಯಾಮಿಗೆ 32 ಬಿಟ್ ಹಗುರ ಎಂಬ ಹಳೆಯ ಸಲಹೆ ಲೆಕ್ಕಕ್ಕೆ ಸರಿಯೇ, ಆದರೆ ಕಾಲ ಅದರ ಕಡೆ ಇಲ್ಲ. 2025ರಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಇನ್‌ಸ್ಟಾಲರ್ ಇಲ್ಲ, ಫೈರ್‌ಫಾಕ್ಸ್ ಕೂಡ 32 ಬಿಟ್ ಲಿನಕ್ಸಿಗೆ 144ನೇ ಆವೃತ್ತಿಯೇ ಕೊನೆ ಎಂದಿದೆ, ಕ್ರೋಮ್ 2016ರಲ್ಲೇ ಕೈಬಿಟ್ಟಿತ್ತು. ಎನ್270 ಇದ್ದರೆ ಬೇರೆ ದಾರಿಯಿಲ್ಲ, ಡೆಬಿಯನ್ 12 ಅಥವಾ ಅದರ ಮೇಲೆ ಕಟ್ಟಿದ ಆಂಟಿಎಕ್ಸ್ 23 ಹಾಕಿ. ಆದರೆ ಅಂಥದ್ದನ್ನು ಇಂಟರ್ನೆಟ್ಟಿಗಿಂತ ಬರವಣಿಗೆ, ಓದು, ಹಾಡಿಗೆ ಮೀಸಲಿಡುವುದು ಒಳ್ಳೆಯದು.

ಪೆನ್‌ಡ್ರೈವಿಗೆ ಐಎಸ್ಒ (ಲಿನಕ್ಸಿನ ಇನ್‌ಸ್ಟಾಲ್ ಫೈಲ್) ಬರೆಯುವಾಗ ರೂಫಸ್ ಎಂಬ ಪ್ರೋಗ್ರಾಮಿನಲ್ಲಿ ಪಾರ್ಟಿಷನ್ ಮಾದರಿ ಎಂಬಿಆರ್ ಇರಲಿ, ಇವು ಯುಇಎಫ್‌ಐ ಎಂಬ ಹೊಸ ಬೂಟ್ ವ್ಯವಸ್ಥೆ ಬರುವ ಮುಂಚಿನ ಬಯೋಸ್ ಯಂತ್ರಗಳು. ವೈಫೈ ಚಿಪ್ ಬ್ರಾಡ್‌ಕಾಮ್ ಆಗಿದ್ದರೆ ಇನ್‌ಸ್ಟಾಲ್ ಮಾಡುವಾಗ ನೆಟ್ ಕೇಬಲ್ ಚುಚ್ಚಿಕೊಂಡಿರಿ, ಡ್ರೈವರನ್ನು ಆಮೇಲೆ ಇಳಿಸಿಕೊಳ್ಳಬಹುದು. ಡೆಸ್ಕ್‌ಟಾಪ್ (ಪರದೆಯ ಮೇಲಿನ ಕಿಟಕಿ, ಮೆನುಗಳ ವ್ಯವಸ್ಥೆ) ಯಾವುದು ಅಂತ ಕೇಳುವ ಹಂತದಲ್ಲಿ ಭಾರವಾದ ಗ್ನೋಮ್ ಮುಂದಿನ ಗುರುತು ತೆಗೆದು ಹಗುರವಾದ ಎಲ್‌ಎಕ್ಸ್‌ಕ್ಯೂಟಿ ಅಥವಾ ಎಲ್‌ಎಕ್ಸ್‌ಡಿಇ ಆರಿಸಿ. ಆ ಒಂದು ಗುರುತು ಮರೆತರೆ ಯಂತ್ರ ಆನ್ ಆಗುವಷ್ಟರಲ್ಲೇ ಅರ್ಧ ರ‍್ಯಾಮ್ ಖಾಲಿ.

ಇನ್‌ಸ್ಟಾಲ್ ಆದ ಮೇಲೆ ಮೊದಲು ಹಾಕಬೇಕಾದದ್ದು ಝಡ್‌ರ‍್ಯಾಮ್ ಟೂಲ್ಸ್ ಎಂಬ ಪ್ಯಾಕೇಜ್. ರ‍್ಯಾಮಿನ ಒಂದು ಭಾಗವನ್ನೇ ಸ್ವಾಪ್ ಮಾಡಿಕೊಂಡು, ಅಲ್ಲಿಗೆ ಹೋದ ಪುಟಗಳನ್ನು ಅದು ಹಿಂಡಿ ಇಡುತ್ತದೆ, ಸಾಮಾನ್ಯವಾಗಿ ಎರಡು ಪಾಲು ಒಂದು ಪಾಲಿನ ಜಾಗದಲ್ಲಿ ಹಿಡಿಸುತ್ತದೆ. ಅದರ ಸೆಟ್ಟಿಂಗ್ಸ್ ಫೈಲಿನಲ್ಲಿ ಪರ್ಸೆಂಟ್ ಎಂಬ ಸಾಲಿನ ಮುಂದಿರುವ # ಚಿಹ್ನೆ ತೆಗೆದು 50 ಅಥವಾ 60 ಎಂದಿಡಿ. ಹಿಂಡುವ ವಿಧಾನ ಎಲ್‌ಝಡ್4 ಇರುತ್ತದೆ, ಹಾಗೇ ಬಿಡಿ. ಝಡ್‌ಎಸ್‌ಟಿಡಿ ಹೆಚ್ಚು ಹಿಂಡುತ್ತದೆ ನಿಜ, ಆದರೆ ಆಟಮ್‌ಗೆ ಆ ಲೆಕ್ಕ ಭಾರ. ಎಸ್‌ಎಸ್‌ಡಿಯಲ್ಲೂ 2 ಜಿಬಿ ಸ್ವಾಪ್ ಇರಲಿ, ಝಡ್‌ರ‍್ಯಾಮ್ ತುಂಬಿದರೆ ಅದು ಬೇಕು.

ಬ್ರೌಸರ್ ಫೈರ್‌ಫಾಕ್ಸೇ ಇರಲಿ, ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಎಕ್ಸ್‌ಟೆನ್ಷನ್ ಕಡ್ಡಾಯ. ಜಾಹೀರಾತಿನ ಕೋಡ್ ಇಳಿಯುವುದೇ ನಿಂತರೆ ಸುದ್ದಿ ಪುಟಗಳು ಕಣ್ಣಿಗೆ ಕಾಣುವಷ್ಟು ಚುರುಕಾಗುತ್ತವೆ, ಈ ಯಂತ್ರಕ್ಕೆ ಪುಕ್ಕಟೆ ಸಿಗುವ ಅತಿ ದೊಡ್ಡ ಉಪಕಾರ ಅದು. ಒಂದು ಭಾರದ ಪುಟವೇ 300–400 ಎಂಬಿ ನುಂಗಬಲ್ಲದು, ಹಾಗಾಗಿ ಮೂರು ನಾಲ್ಕು ಟ್ಯಾಬಿಗಿಂತ ಹೆಚ್ಚು ತೆರೆದಿಡಬೇಡಿ. ಯಾವುದು ತಿನ್ನುತ್ತಿದೆ ಅಂತ ತಿಳಿಯಲು ಫೈರ್‌ಫಾಕ್ಸಿನ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿದರೆ ಬರುತ್ತದೆ. ಉದ್ದ ಲೇಖನಗಳನ್ನು ರೀಡರ್ ವ್ಯೂನಲ್ಲಿ ಓದಿ. ಮೇಲನ್ನು ಬ್ರೌಸರಿನಲ್ಲಿ ನೋಡುವ ಬದಲು ಕ್ಲಾಸ್ ಮೇಲ್‌ನಂಥ ಪುಟ್ಟ ಪ್ರೋಗ್ರಾಮಿಗೆ ಐಮ್ಯಾಪ್ ಮೂಲಕ ತರಿಸಿಕೊಂಡರೆ ಒಂದು ಟ್ಯಾಬಿನ ಭಾರ ಪೂರ್ತಿ ಇಳಿಯಿತು.

ವಿಡಿಯೊ ಕುಂಟುವುದೇಕೆಂದರೆ, ಎನ್270, ಎನ್450ರ ಗ್ರಾಫಿಕ್ಸಿಗೆ ಎಚ್264 (ವಿಡಿಯೊ ಹಿಂಡಿಡುವ ಒಂದು ವಿಧಾನ) ಬಿಡಿಸುವ ಹಾರ್ಡ್‌ವೇರ್ ಇಲ್ಲ, ಎಲ್ಲವೂ ಪ್ರೊಸೆಸರಿನ ತಲೆ ಮೇಲೆ ಬೀಳುತ್ತದೆ. ಯೂಟ್ಯೂಬ್ ಬ್ರೌಸರಿಗೆ ಕಳಿಸುವುದು ಇನ್ನೂ ಭಾರವಾದ ವಿಪಿ9 ಅಥವಾ ಎವಿ1. ಎಚ್264ಇಫೈ ಎಂಬ ಎಕ್ಸ್‌ಟೆನ್ಷನ್ ಹಾಕಿದರೆ ಎಚ್264 ಮಾತ್ರ ಬರುತ್ತದೆ, 360ಪಿ ನೋಡಬಹುದು. ಫೈಲ್ ನಿಮ್ಮ ಹತ್ತಿರವೇ ಇದ್ದರೆ ಎಂಪಿವಿ ಎಂಬ ಪ್ಲೇಯರಿನಲ್ಲಿ ಹಾಕಿ, ಎಚ್264ರ 480ಪಿ ತನಕ ಎಳೆಯುತ್ತದೆ. ಆಗಲೂ ತೊದಲಿದರೆ ಲೂಪ್ ಫಿಲ್ಟರ್ (ಚಿತ್ರ ನುಣುಪು ಮಾಡುವ ಹಂತ) ಬಿಟ್ಟುಬಿಡುವ ಆಯ್ಕೆ ಕೊಡಿ, ಚಿತ್ರ ಕೊಂಚ ಒರಟಾಗುತ್ತದೆ, 10 ಇಂಚಿನ ಪರದೆಯಲ್ಲಿ ಅಷ್ಟೇನೂ ಗೊತ್ತಾಗುವುದಿಲ್ಲ.

ಪರದೆ 1024 ಅಡ್ಡ 600. ಇದರ ಉಪದ್ರವ ದಿನವೂ ಇರುತ್ತದೆ: ಸೆಟ್ಟಿಂಗ್ಸ್ ಕಿಟಕಿಯ ಓಕೆ ಬಟನ್ ಪರದೆಯಿಂದ ಕೆಳಗೆ ಹೋಗಿ ಕೂತಿರುತ್ತದೆ. ಆಲ್ಟ್ ಒತ್ತಿ ಹಿಡಿದು ಕಿಟಕಿಯ ಯಾವ ಜಾಗದಲ್ಲಾದರೂ ಮೌಸ್ ಹಿಡಿದು ಮೇಲಕ್ಕೆ ಎಳೆಯಿರಿ, ಬಟನ್ ಕಾಣುತ್ತದೆ. ಟಾಸ್ಕ್‌ಬಾರನ್ನು ಎಡಬದಿಗೆ ನಿಲ್ಲಿಸಿ, ಎತ್ತರವೇ ಇಲ್ಲಿ ಕೊರತೆ. ಬ್ರೌಸರಿನ ಝೂಮ್ 80 ಪ್ರತಿಶತ, ಓದುವಾಗ ಎಫ್11.

ಬರವಣಿಗೆಗೆ ಲಿಬ್ರೆ ಆಫೀಸ್ ನಡೆಯುತ್ತದೆ, ತೆರೆಯುವಾಗ ತುಸು ಕಾಯಬೇಕು, ತೆರೆದ ಮೇಲೆ ತಕರಾರಿಲ್ಲ. ಕನ್ನಡ ಟೈಪ್ ಮಾಡಲು ಐಬಸ್ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿದರೆ ಕೆಜಿಪಿ (ಕನ್ನಡ ಗಣಕ ಪರಿಷತ್) ಮತ್ತು ಇನ್‌ಸ್ಕ್ರಿಪ್ಟ್ ವಿನ್ಯಾಸಗಳೆರಡೂ ಸಿಗುತ್ತವೆ, ಅಕ್ಷರದ ಬದಲು ಚೌಕ ಕಂಡರೆ ಗುಬ್ಬಿ ಅಥವಾ ನವಿಲು ಫಾಂಟ್ ಹಾಕಿಕೊಳ್ಳಿ. ಪಿಡಿಎಫ್‌ಗೆ ಮುಪಿಡಿಎಫ್. ಸ್ಕ್ಯಾನ್ ಮಾಡಿದ ಪುಸ್ತಕಗಳು ಪುಟ ತಿರುಗಿಸುವಾಗ ಒಂದೆರಡು ಕ್ಷಣ ತಡೆಯುತ್ತವೆ, ಅದಕ್ಕೆ ಮದ್ದಿಲ್ಲ.

ವೈಫೈ ಬಹುತೇಕ 2.4 ಗಿಗಾಹರ್ಟ್ಸ್ ಮಾತ್ರ. ನೆಟ್‌ವರ್ಕ್ ಹೆಸರೇ ಕಾಣದಿದ್ದರೆ ರೌಟರ್ 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಇರಬೇಕು. ಹೆಸರು ಕಂಡು, ಪಾಸ್‌ವರ್ಡ್ ಸರಿ ಇದ್ದೂ ಸೇರದಿದ್ದರೆ ರೌಟರಿನ ಭದ್ರತೆಯ ಸೆಟ್ಟಿಂಗ್ಸ್‌ನಲ್ಲಿ ಡಬ್ಲ್ಯೂಪಿಎ3 ಮಾತ್ರ ಎಂದಿರುವುದನ್ನು ಡಬ್ಲ್ಯೂಪಿಎ2 ಮತ್ತು 3 ಎರಡೂ ಎಂದು ಬದಲಿಸಿ.

ಒಮ್ಮೆಲೇ ಯಾವ ವೆಬ್‌ಸೈಟೂ ತೆರೆಯದೆ ಎಲ್ಲ ಕಡೆ ಸರ್ಟಿಫಿಕೇಟ್ ದೋಷ ಬಂದರೆ ಇಂಟರ್ನೆಟ್ಟನ್ನು ಬೈಯುವ ಮೊದಲು ಗಡಿಯಾರ ನೋಡಿ. ಮದರ್‌ಬೋರ್ಡಿನ ನಾಣ್ಯದಂಥ ಸೆಲ್ ಸತ್ತರೆ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗುತ್ತದೆ, ಆ ತಾರೀಖಿಗೆ ಈಗಿನ ಸರ್ಟಿಫಿಕೇಟುಗಳು ಇನ್ನೂ ಹುಟ್ಟಿಯೇ ಇರುವುದಿಲ್ಲ. ಕೆಲವದರಲ್ಲಿ ಸಿಆರ್2032 ನೇರ ಕೂರುತ್ತದೆ, ಕೆಲವದರಲ್ಲಿ ಅದಕ್ಕೆ ಎರಡು ತಂತಿ ಬೆಸೆದಿರುತ್ತದೆ. ರ‍್ಯಾಮ್ ಹಾಕಲು ಹೇಗೂ ಬಿಚ್ಚುತ್ತೀರಿ, ಆಗಲೇ ಸೆಲ್ಲನ್ನೂ ಬದಲಿಸಿಬಿಡಿ. ಫ್ಯಾನಿನ ಧೂಳನ್ನೂ ಆಗಲೇ ತೆಗೆಯಿರಿ.

ಚಾರ್ಜರ್ ಕಳೆದಿದ್ದರೆ ಬ್ರ್ಯಾಂಡ್ ಹೆಸರು ನೋಡಿ ತರಬೇಡಿ. ಆಸುಸ್ ಈ ಪಿಸಿಯನ್ನೇ ತೆಗೆದುಕೊಳ್ಳಿ: 701ಕ್ಕೆ 9.5 ವೋಲ್ಟ್, 901ಕ್ಕೆ 12 ವೋಲ್ಟ್, ನಂತರದ 1005ಕ್ಕೆ 19 ವೋಲ್ಟ್. ಯಂತ್ರದ ಅಡಿಯ ಸ್ಟಿಕರಿನಲ್ಲಿರುವ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೋ ಅದಕ್ಕಿಂತ ಹೆಚ್ಚೋ ಇದ್ದರೆ ತೊಂದರೆಯಿಲ್ಲ.

ಹೊಸ ಬ್ಯಾಟರಿಯನ್ನು ಕೊನೆಗೆ ತನ್ನಿ, ಉಳಿದದ್ದೆಲ್ಲ ಒಂದು ವಾರ ಸರಿಯಾಗಿ ನಡೆದ ಮೇಲೆ. ಮೂಲ ಸಾಮರ್ಥ್ಯ ಎಷ್ಟು, ಈಗ ಪೂರ್ತಿ ತುಂಬಿದಾಗ ಎಷ್ಟು ಅಂತ ಯುಪವರ್ ಕಮಾಂಡ್ ಹೇಳುತ್ತದೆ. ಅರ್ಧಕ್ಕಿಂತ ಕೆಳಗಿದ್ದರೆ ಬದಲಿಸುವ ಮಾತು. ವರ್ಷಗಟ್ಟಲೆ ಗೋದಾಮಿನಲ್ಲಿ ಕೂತ ಬ್ಯಾಟರಿ ಪ್ಯಾಕೆಟ್ ಒಡೆಯದಿದ್ದರೂ ಹಳೆಯದೇ, ತಯಾರಾದ ತಾರೀಖು ಕೇಳಿ. ಈಗಿರುವುದು ಉಬ್ಬಿದ್ದರೆ ಮಾತ್ರ ಕಾಯಬೇಡಿ, ಇವತ್ತೇ ತೆಗೆದಿಡಿ. ಇಂಥ ಯಂತ್ರಗಳು ಬ್ಯಾಟರಿ ಇಲ್ಲದೆ ಚಾರ್ಜರಿನ ಮೇಲೆಯೇ ಓಡುತ್ತವೆ, ಪ್ಲಗ್ ಸಡಿಲವಾಗದಂತೆ ನೋಡಿಕೊಂಡರಾಯಿತು.