ಹೋಗುವುದಕ್ಕೆ ಎಂಟು ದಿನ, ಮರಳುವುದಕ್ಕೆ ಮೂರೇ?

ಪ್ರಶ್ನೆ: ನನ್ನ ಮಗ ಎರಡು ವರ್ಷಗಳಿಂದ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ನೌಕರಿಯಲ್ಲಿದ್ದಾನೆ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವಾಗಿನ ನಾಲ್ವರು ಗೆಳೆಯರೊಡನೆ ಈ ಜೂನ್‌ನಲ್ಲಿ ವ್ಯಾನ್ ಬಾಡಿಗೆಗೆ ಪಡೆದು ನಾರ್ವೆಯ ಟ್ರೊಮ್ಸೊವರೆಗೆ ಹೋಗಿ, ಸ್ವೀಡನ್, ಡೆನ್ಮಾರ್ಕ್, ಜರ್ಮನಿ ದಾಟಿ ಮನೆಗೆ ಮರಳಬೇಕೆಂದಿದ್ದಾನೆ. ಹೋಗುವುದಕ್ಕೆ ಎಂಟು ದಿನ ಇಟ್ಟುಕೊಂಡಿದ್ದಾರೆ. ಮರಳುವಾಗ ಮಾತ್ರ ಪಾಳಿ ಹಚ್ಚಿಕೊಂಡು ಹಗಲು ರಾತ್ರಿ ಓಡಿಸಿ ಮೂರೇ ದಿನಕ್ಕೆ ಮುಟ್ಟುತ್ತಾರಂತೆ. ಗೆಳೆಯರಲ್ಲಿ ಇಬ್ಬರು ಇಲ್ಲಿಂದಲೇ ಹೋಗುವವರು. ಅವರಲ್ಲಿರುವುದು ಇಲ್ಲಿಯ ಲೈಸೆನ್ಸ್. ನಮ್ಮ ಹುಬ್ಬಳ್ಳಿ-ಧಾರವಾಡ ಬೈಪಾಸ್‌ನ ಅಪಘಾತಗಳನ್ನು ಕಂಡ ನನಗೆ ಇದನ್ನು ಕೇಳಿದಾಗಿನಿಂದ ನಿದ್ದೆಯಿಲ್ಲ. ಬೇಡವೆಂದು ಹೇಳಲೇ?
— ಒಬ್ಬ ತಾಯಿ, ಧಾರವಾಡ

ಉತ್ತರ: ತಾಯಿಯವರೇ, ತಾವು ಬೇಡವೆನ್ನಬೇಕಾದದ್ದು ಪ್ರವಾಸಕ್ಕಲ್ಲ, ಆ ಮೂರು ದಿನಗಳ ಲೆಕ್ಕಕ್ಕೆ. ಟ್ರೊಮ್ಸೊದಿಂದ ಸ್ವೀಡನ್ ಮಾರ್ಗವಾಗಿ ಐಂಡ್‌ಹೋವನ್ ಹೆಚ್ಚುಕಡಿಮೆ 3,000 ಕಿ.ಮೀ. ದೂರವಿದೆ. ಹುಬ್ಬಳ್ಳಿಯಿಂದ ಬೆಂಗಳೂರು ಸುಮಾರು 410 ಕಿ.ಮೀ. ಎಂದಿಟ್ಟುಕೊಂಡರೆ, ಬೆಂಗಳೂರಿಗೆ ಹೋಗಿ, ಮರಳಿ ಬಂದು, ಮತ್ತೆ ಅರ್ಧ ದಾರಿ ಹೋಗುವಷ್ಟು ದೂರವನ್ನು ಒಂದೊಂದು ದಿನಕ್ಕೆ ಕ್ರಮಿಸಬೇಕಾಗುತ್ತದೆ. ಅದೂ ಮೂರು ದಿನ ಬಿಡದೆ. ನಾರ್ವೆಯಲ್ಲಿ ಊರ ಹೊರಗಿನ ಸಾಮಾನ್ಯ ವೇಗಮಿತಿಯೇ ಗಂಟೆಗೆ 80 ಕಿ.ಮೀ. ಆಗಿರುವುದರಿಂದ, ಒಳ್ಳೆಯ ರಸ್ತೆ ಎಂಬ ಕಾರಣಕ್ಕೆ ವೇಗವಾಗಿ ಹೋಗಿ ಹೊತ್ತನ್ನು ಉಳಿಸುವ ಅವಕಾಶವೂ ಇಲ್ಲ.

ಬೈಪಾಸ್‌ನ ನೆನಪು ತಮ್ಮನ್ನು ಕಾಡುವುದು ಸಹಜ. 2021ರ ಜನವರಿಯಲ್ಲಿ ಇಟ್ಟಿಗಟ್ಟಿಯ ಬಳಿ, ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರ ಟೆಂಪೋ ಟ್ರಾವೆಲರ್ ಅಪಘಾತಕ್ಕೀಡಾಗಿ ಹಲವರು ಸತ್ತದ್ದನ್ನು ಈ ಭಾಗದವರು ಯಾರೂ ಮರೆತಿಲ್ಲ. ನಡುವೆ ವಿಭಜಕವಿಲ್ಲದ ಕಿರಿದಾದ ದಾರಿಯಲ್ಲಿ ಎದುರುಬದುರಾಗಿ ವಾಹನಗಳು ಓಡುವುದೇ ಅಲ್ಲಿಯ ಮುಖ್ಯ ಅಪಾಯವಾಗಿತ್ತು. ಸ್ವೀಡನ್ನಿಗೂ ಇಂಥದೇ ರಸ್ತೆಗಳ ಕಾಟವಿತ್ತು. ರಸ್ತೆಯಲ್ಲಿ ಯಾರೂ ಸಾಯಬಾರದು, ಯಾರೂ ಗಂಭೀರವಾಗಿ ಗಾಯಗೊಳ್ಳಬಾರದು ಎಂಬ ಗುರಿಯನ್ನು ಅಲ್ಲಿಯ ಸಂಸತ್ತು 1997ರಲ್ಲಿ ಅಧಿಕೃತ ನೀತಿಯಾಗಿ ಒಪ್ಪಿತು. ಮರುವರ್ಷವೇ ಯೆವ್ಲೆ ನಗರದ ಉತ್ತರಕ್ಕೆ, ಇ4 ಹೆದ್ದಾರಿಯಲ್ಲಿ, ಹೊಸ ಬಗೆಯ ರಸ್ತೆಯೊಂದನ್ನು ತೆರೆಯಲಾಯಿತು. ಇರುವ ಅಗಲವನ್ನೇ ಮೂರು ಸಾಲುಗಳಾಗಿ ಹಂಚಿ, ನಡುವಿನ ಸಾಲನ್ನು ಕೆಲವು ದೂರ ಈ ಕಡೆಯವರಿಗೆ, ಕೆಲವು ದೂರ ಆ ಕಡೆಯವರಿಗೆ ಹಿಂದಿಕ್ಕಲು ಬಿಟ್ಟು, ಎರಡು ದಿಕ್ಕುಗಳ ಮಧ್ಯೆ ಉಕ್ಕಿನ ಹಗ್ಗದ ತಡೆ ಕಟ್ಟಿದರು. ಹುಡುಗರು ಬರುವುದು ಇದೇ ದಾರಿಯಲ್ಲಿ. (ಆರು ಪಥಕ್ಕೆ ಹಣವಿಲ್ಲದ ಕಡೆ ನಮ್ಮವರೂ ಇದನ್ನು ನೋಡಬಹುದಾಗಿತ್ತು ಎಂಬುದು ಈ ಅಂಕಣಕಾರನ ಅನಿಸಿಕೆ.) ಆದರೆ ಟ್ರೊಮ್ಸೊದಿಂದ ನಾರ್ವಿಕ್ ಕಡೆಗೆ ಬಂದು ಕಿರುನಾಕ್ಕೆ ಹೋಗುವ ಸುಮಾರು 400 ಕಿ.ಮೀ. ಮಾರ್ಗದಲ್ಲಿ ಅಂಥ ತಡೆಯಿಲ್ಲ. ಅಲ್ಲಿ ಚಾಲಕನ ಎಚ್ಚರವೊಂದೇ ಆಧಾರ.

ಆ ಎಚ್ಚರವನ್ನು ಕದಿಯುವುದು ಜೂನ್ ತಿಂಗಳ ಬೆಳಕು. ಟ್ರೊಮ್ಸೊದಲ್ಲಿ ಮೇ ಮೂರನೆಯ ವಾರದಿಂದ ಜುಲೈ ಮೂರನೆಯ ವಾರದವರೆಗೆ ಸೂರ್ಯ ಮುಳುಗುವುದೇ ಇಲ್ಲ. ರಾತ್ರಿ ಎರಡು ಗಂಟೆಗೂ ಬೆಳಗಿನಂತೆಯೇ ಕಾಣುವುದರಿಂದ ಇನ್ನು ನೂರು ಕಿಲೋಮೀಟರ್ ಹೋಗಬಹುದು ಎಂದು ಮನಸ್ಸು ಹೇಳುತ್ತದೆ, ದೇಹ ಮಾತ್ರ ತನ್ನ ನಿದ್ದೆಯ ಲೆಕ್ಕವನ್ನು ಬಿಡುವುದಿಲ್ಲ. ಪಾಳಿಯಿಂದಲೂ ಇದು ಪರಿಹಾರವಾಗದು. ಓಡುವ ಗಾಡಿಯಲ್ಲಿ ಬೆಲ್ಟ್ ಕಟ್ಟಿಕೊಂಡು ಕುಳಿತು ತೂಕಡಿಸಿದವನು ಚಕ್ರ ಹಿಡಿಯುವಾಗ ದಣಿದೇ ಇರುತ್ತಾನೆ. ಯುರೋಪಿನ ಲಾರಿ ಚಾಲಕರು ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿಶ್ರಮಿಸಲೇಬೇಕೆಂಬ ಕಾನೂನಿದೆ. ಖಾಸಗಿ ವ್ಯಾನಿಗೆ ಅದು ಅನ್ವಯಿಸದಿದ್ದರೂ ಹುಡುಗರು ತಾವಾಗಿಯೇ ಪಾಲಿಸಲಿ.

ಹೋಗುವ ಎಂಟು ದಿನಗಳಲ್ಲಿ ಎರಡನ್ನು ಇತ್ತ ಹಾಕಿ, ರಜೆಯನ್ನು ಒಂದು ದಿನ ಹಿಗ್ಗಿಸಿದರೆ ಮರಳಲು ಆರು ದಿನ ಸಿಗುತ್ತವೆ. ಆಗ ಕಿರುನಾ, ಉಮೆಯೊ, ಸ್ಟಾಕ್‌ಹೋಮ್, ಮಾಲ್ಮೊ, ಹ್ಯಾಂಬರ್ಗ್‌ಗಳಲ್ಲಿ ಒಂದೊಂದು ರಾತ್ರಿ ತಂಗಿ ಆರನೆಯ ಸಂಜೆ ಮನೆ ಸೇರಬಹುದು. ಉಮೆಯೊದಿಂದ ದಕ್ಷಿಣಕ್ಕೆ ಬರುವಾಗ 2000ರಲ್ಲಿ ವಿಶ್ವ ಪರಂಪರೆಯ ತಾಣವಾಗಿ ಘೋಷಿತವಾದ ಹೋಗಾ ಕುಸ್ಟೆನ್ ಕರಾವಳಿ ಸಿಗುತ್ತದೆ, ಮಾಲ್ಮೊದ ಮುಂದೆ ಸಮುದ್ರದ ಮೇಲಿನ ಓರೆಸುಂಡ್ ಸೇತುವೆ ಸಿಗುತ್ತದೆ. ಮೂರು ದಿನದ ಓಟದಲ್ಲಿ ಇವೆರಡೂ ನಿದ್ದೆಗಣ್ಣಿನಲ್ಲೇ ಹಿಂದೆ ಸರಿದುಹೋಗುತ್ತವೆ. ವ್ಯಾನ್ ಆರು ಮೀಟರಿಗಿಂತ ಉದ್ದವಿದ್ದರೆ ಆ ಸೇತುವೆಯ ಟೋಲ್ ಹೆಚ್ಚು ಎಂಬುದು ನೆನಪಿರಲಿ.

ಲೈಸೆನ್ಸ್ ವಿಷಯದಲ್ಲಿ ತಾವು ಚಿಂತಿಸಬೇಕಾದದ್ದು ಇಲ್ಲಿಂದ ಹೋಗುವ ಇಬ್ಬರ ಬಗೆಗಲ್ಲ, ಮಗನ ಬಗೆಗೆ. ನೆದರ್ಲೆಂಡ್ಸ್‌ನಲ್ಲಿ ನಿವಾಸಿಯಾಗಿ ನೋಂದಾಯಿಸಿಕೊಂಡ 185 ದಿನಗಳ ನಂತರ ಭಾರತದ ಲೈಸೆನ್ಸ್‌ನಿಂದ ಗಾಡಿ ಓಡಿಸುವಂತಿಲ್ಲ. ಶೇ. 30ರ ತೆರಿಗೆ ರಿಯಾಯಿತಿ ಪಡೆಯುವ ವಿದೇಶಿ ಉದ್ಯೋಗಿಗಳು ಪರೀಕ್ಷೆಯಿಲ್ಲದೆ ಅದನ್ನು ಅಲ್ಲಿಯ ಲೈಸೆನ್ಸ್‌ಗೆ ಬದಲಿಸಿಕೊಳ್ಳಬಹುದು. ಅವನು ಅದನ್ನು ಮಾಡಿಸಿಕೊಂಡಿದ್ದಾನೆಯೇ ಎಂದು ಕೇಳಿ. ಉಳಿದಿಬ್ಬರು ನಮ್ಮ ಆರ್‌ಟಿಓ ಕಚೇರಿಯಲ್ಲಿ ನಮೂನೆ 4-ಎ ಸಲ್ಲಿಸಿ ಒಂದು ವರ್ಷದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆದು, ಮೂಲ ಲೈಸೆನ್ಸ್ ಜೊತೆಗೆ ಇಟ್ಟುಕೊಳ್ಳಬೇಕು. ಓಡಿಸುವವರೆಲ್ಲರ ಹೆಸರು ಬಾಡಿಗೆ ಕರಾರಿನಲ್ಲಿರಬೇಕು. ಹೆಸರಿಲ್ಲದವನು ಓಡಿಸುವಾಗ ಅಪಘಾತವಾದರೆ ವಿಮೆ ಕೈಕೊಡುತ್ತದೆ.

ಬಲಬದಿಯ ಸಂಚಾರ ಒಂದು ದಿನದಲ್ಲಿ ರೂಢಿಯಾಗುತ್ತದೆ. ರೂಢಿಯಾಗದಿರುವುದು ಫಲಕವಿಲ್ಲದ ಕೂಡುರಸ್ತೆಗಳಲ್ಲಿ ಬಲಗಡೆಯಿಂದ ಬರುವವನಿಗೆ ದಾರಿ ಬಿಡಬೇಕೆಂಬ ನಿಯಮ. ಬರುವವನು ಸಣ್ಣ ಓಣಿಯಿಂದ ಬಂದರೂ ಹಕ್ಕು ಅವನದೇ. ನಾರ್ವೆ, ಸ್ವೀಡನ್, ಡೆನ್ಮಾರ್ಕ್‌ಗಳಲ್ಲಿ ಹಗಲಿನಲ್ಲೂ ಹೆಡ್‌ಲೈಟ್ ಉರಿಯುತ್ತಿರಬೇಕು. ನಮ್ಮಲ್ಲಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಇರುವ ಮದ್ಯದ ಮಿತಿ ನಾರ್ವೆ ಮತ್ತು ಸ್ವೀಡನ್‌ಗಳಲ್ಲಿ 20 ಮಾತ್ರ. ಹಿಂದಿನ ರಾತ್ರಿ ಕುಡಿದದ್ದು ಮರುದಿನ ಬೆಳಿಗ್ಗೆ ಸಿಕ್ಕಿಹಾಕಿಸಬಹುದು. ಈ ದೇಶಗಳೆಲ್ಲ, ಸಾಮಾನ್ಯವಾಗಿ ಒಳಗಡಿಗಳಲ್ಲಿ ತಪಾಸಣೆಯಿಲ್ಲದ ಷೆಂಗೆನ್ ವಲಯದಲ್ಲಿದ್ದರೂ ಪಾಸ್‌ಪೋರ್ಟ್ ಕೈಗೆ ಸಿಗುವಂತಿರಲಿ. ಜರ್ಮನಿ 2024ರ ಸೆಪ್ಟೆಂಬರ್‌ನಲ್ಲಿ ತನ್ನ ಎಲ್ಲ ಭೂಗಡಿಗಳಲ್ಲಿ ತಪಾಸಣೆ ಆರಂಭಿಸಿದೆ.

ಪ್ರಶ್ನೆ: ಇದೇ ತಂಡದಲ್ಲಿ ನನ್ನ ಮಗನೂ ಇದ್ದಾನೆ. ಆ ದೇಶಗಳಲ್ಲಿ ಎಲ್ಲಿ ಬೇಕಾದರೂ ತಂಗಲು ಹಕ್ಕಿದೆ, ವ್ಯಾನಿನಲ್ಲೇ ಮಲಗಿ ಅಡುಗೆ ಮಾಡಿಕೊಳ್ಳುತ್ತೇವೆ ಎನ್ನುತ್ತಾನೆ. ನಿಜವೇ? ಇಲ್ಲಿಂದ ರೊಟ್ಟಿ, ಚಟ್ನಿ, ತುಪ್ಪ ಕಳಿಸಬಹುದೇ?
— ಒಬ್ಬ ತಂದೆ, ಗದಗ

ಉತ್ತರ: ಅರ್ಧ ನಿಜ. ನಾರ್ವೆ ಮತ್ತು ಸ್ವೀಡನ್‌ಗಳಲ್ಲಿ ಬಯಲು, ಕಾಡುಗಳಲ್ಲಿ ಯಾರು ಬೇಕಾದರೂ ನಡೆದು ಹೋಗಿ ಒಂದೆರಡು ರಾತ್ರಿ ಗುಡಾರ ಹಾಕಬಹುದು. ನಾರ್ವೆಯಲ್ಲಿ ಜನವಸತಿಯ ಮನೆಯಿಂದ 150 ಮೀಟರ್ ದೂರವಿರಬೇಕು. ಆದರೆ ಈ ಹಕ್ಕು ನಡೆಯುವ ಮನುಷ್ಯನದು, ಗಾಡಿಯದಲ್ಲ; ರಸ್ತೆ ಬಿಟ್ಟು ನೆಲಕ್ಕೆ ವ್ಯಾನ್ ಇಳಿಸುವುದು ಅಪರಾಧ. ಸ್ವೀಡನ್ನಿನ ಹೆದ್ದಾರಿ ವಿಶ್ರಾಂತಿ ತಾಣಗಳಲ್ಲಿ, ಬೇರೆ ಫಲಕವಿಲ್ಲದಿದ್ದರೆ, ಒಂದು ರಾತ್ರಿ ನಿಲ್ಲಿಸಿ ಮಲಗಬಹುದು. ಜರ್ಮನಿಯಲ್ಲಿ ದಣಿವಾರಿಸಿಕೊಳ್ಳಲು ಒಂದು ರಾತ್ರಿಗೆ ಅವಕಾಶವಿದೆ. ಡೆನ್ಮಾರ್ಕ್, ನೆದರ್ಲೆಂಡ್ಸ್‌ಗಳಲ್ಲಿ ಹಣ ಕೊಟ್ಟು ತಂಗುವ ತಾಣಗಳಿಗೇ ಹೋಗಲಿ.

ಒಲೆಯ ಬಗ್ಗೆ ಒಂದು ಮಾತು ಕಟ್ಟುನಿಟ್ಟಾಗಿ ಹೇಳಿ. ಚಳಿಯಾಯಿತೆಂದು ಮುಚ್ಚಿದ ವ್ಯಾನಿನೊಳಗೆ ಗ್ಯಾಸ್ ಒಲೆಯನ್ನಾಗಲಿ ಇದ್ದಿಲನ್ನಾಗಲಿ ಹಚ್ಚಬಾರದು. ಅದರಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ; ಮಲಗಿದವರು ಏಳುವುದಿಲ್ಲ. ಅಡುಗೆ ಹೊರಗೇ ಆಗಲಿ.

ಕಡಕ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಹಿಂಡಿ ಈ ಪ್ರವಾಸಕ್ಕೆ ಹೇಳಿ ಮಾಡಿಸಿದಂಥವು. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಹಾಗೂ ಮಾಂಸದ ಪದಾರ್ಥಗಳನ್ನು ತರುವಂತಿಲ್ಲವಾದ್ದರಿಂದ ತುಪ್ಪ ಮನೆಯಲ್ಲೇ ಉಳಿಯಲಿ. ಅಲ್ಲಿಯ ಬೆಣ್ಣೆ ಚೆನ್ನಾಗಿಯೇ ಇರುತ್ತದೆ.

ಪ್ರಶ್ನೆ: ಆ ರಸ್ತೆಗಳಲ್ಲಿ ಕಾಡುಪ್ರಾಣಿಗಳು ಅಡ್ಡ ಬರುತ್ತವೆಂದು ಕೇಳಿದ್ದೇನೆ. ಬಂದರೆ ಏನು ಮಾಡಬೇಕು?
— ಓದುಗರು, ಹಾವೇರಿ

ಉತ್ತರ: ಉತ್ತರದಲ್ಲಿ ಹಿಮಸಾರಂಗ, ದಕ್ಷಿಣಕ್ಕೆ ಬಂದಂತೆ ಮೂಸ್ ಎಂಬ ದೈತ್ಯ ಕಡವೆ. ಉದ್ದ ಕಾಲುಗಳ ಮೇಲೆ ನಿಂತ ನೂರಾರು ಕಿಲೋ ತೂಕದ ಮೂಸ್‌ಗೆ ಗಾಡಿ ಗುದ್ದಿದರೆ ಅದರ ಮೈ ನೇರವಾಗಿ ಮುಂಗಾಜಿನ ಮೇಲೆ ಬೀಳುತ್ತದೆ. ಅವು ಹೆಚ್ಚಾಗಿ ರಸ್ತೆಗೆ ಬರುವುದು ಮುಂಜಾವು ಮತ್ತು ಮುಸ್ಸಂಜೆಯಲ್ಲಿ. ರಾತ್ರಿಯ ಪಾಳಿ ಬೇಡವೆನ್ನಲು ಇದೂ ಒಂದು ಕಾರಣ. ಕಂಡೊಡನೆ ಬಲವಾಗಿ ಬ್ರೇಕ್ ಹಾಕಬೇಕು, ತಪ್ಪಿಸಲೇಬೇಕಾದರೆ ಪ್ರಾಣಿಯ ಹಿಂಬದಿಗೆ ತಿರುಗಿಸಬೇಕು. ಹಿಮಸಾರಂಗಗಳು ಕಾಡಿನಲ್ಲಿ ಅಲೆದಾಡಿದರೂ ಸಾಮಿ ಸಮುದಾಯದ ಸಾಕುಪ್ರಾಣಿಗಳು. ಒಂದು ದಾಟಿದರೆ ಹಿಂದೆಯೇ ಹಿಂಡು ಇರುತ್ತದೆಂದು ತಿಳಿದು ನಿಲ್ಲಬೇಕು. ಡಿಕ್ಕಿಯಾದರೆ, ಪ್ರಾಣಿ ಓಡಿಹೋದರೂ, 112ಕ್ಕೆ ಕರೆ ಮಾಡಿ ಜಾಗವನ್ನು ಗುರುತು ಮಾಡುವುದು ಸ್ವೀಡನ್ನಿನಲ್ಲಿ ಚಾಲಕನ ಕರ್ತವ್ಯ. ಅದಕ್ಕೆಂದು ಕೆಳಗಿಳಿಯುವವನು ಹೊಳೆಯುವ ಜಾಕೆಟ್ ತೊಟ್ಟು, ಎಚ್ಚರಿಕೆಯ ತ್ರಿಕೋನವನ್ನು ಹಿಂದೆ ಇಡಬೇಕು. ಇವೆರಡೂ ವ್ಯಾನಿನಲ್ಲಿವೆಯೇ ಎಂದು ಕೀಲಿಕೈ ಪಡೆಯುವಾಗಲೇ ನೋಡಿಕೊಳ್ಳಲಿ.