ಮೂರು ಕಂಪನಿ, ಒಂದೇ ಬೋರ್ಡು: ಹೋಸ್ಟಿಂಗ್ ಆರಿಸುವುದು ಹೇಗೆ?

ಪ್ರಶ್ನೆ: ನಮ್ಮ ಅಂಗಡಿಯ ವೆಬ್‌ಸೈಟಿಗೆ ಮೂರು ಹೋಸ್ಟಿಂಗ್ (ಸೈಟ್ ಇಡಲು ಸರ್ವರಿನಲ್ಲಿ ಜಾಗ ಬಾಡಿಗೆಗೆ ಕೊಡುವ) ಕಂಪನಿಗಳನ್ನು ನೋಡಿಟ್ಟಿದ್ದೇನೆ. ಮೂರೂ ಕಡೆ ಶೇ 99.9 ಅಪ್‌ಟೈಮ್ ಗ್ಯಾರಂಟಿ, ಅನ್‌ಲಿಮಿಟೆಡ್ ಜಾಗ, ದಿನಾ ಬ್ಯಾಕಪ್ ಅಂತಿದೆ. ಯಾವುದನ್ನು ನಂಬಲಿ?

ಮೂರನ್ನೂ ನಂಬಬೇಡಿ. ಕಂಪನಿಗಳನ್ನಲ್ಲ, ಆ ಮೂರು ಮಾತುಗಳನ್ನು. ಅವು ಎಲ್ಲರ ಬೋರ್ಡಿನ ಮೇಲೂ ಇರುತ್ತವೆ. ಇದೇ ಪ್ರಶ್ನೆಗೆ ಎರಡೆರಡು ಸಾಲಿನಲ್ಲಿ ಉತ್ತರ ಕೊಟ್ಟು ಸಾಕಾಗಿದೆ. ಈ ಸಲ ಪೂರ್ತಿ ಬರೆಯುತ್ತೇನೆ, ದಯವಿಟ್ಟು ಮತ್ತೆ ಕೇಳಬೇಡಿ.

ಮೊದಲು ಆ 99.9 ನೋಡೋಣ. ಅಪ್‌ಟೈಮ್ ಅಂದರೆ ಸೈಟ್ ಎದ್ದು ಓಡುತ್ತಿರುವ ಸಮಯ. 30 ದಿನದ ತಿಂಗಳಲ್ಲಿ 43 ನಿಮಿಷ, ವರ್ಷಕ್ಕೆ ಹೆಚ್ಚುಕಡಿಮೆ 8 ಗಂಟೆ 45 ನಿಮಿಷ ಸೈಟ್ ಮಲಗಿದರೂ ಅವರು ಮಾತು ಉಳಿಸಿಕೊಂಡ ಹಾಗೇ ಲೆಕ್ಕ. ಮೊದಲೇ ತಿಳಿಸಿ ಮಾಡುವ ರಿಪೇರಿಯ ಸಮಯ ಸಾಮಾನ್ಯವಾಗಿ ಈ ಲೆಕ್ಕಕ್ಕೇ ಬರುವುದಿಲ್ಲ. ಮಾತು ತಪ್ಪಿದರೆ ಏನು ಕೊಡುತ್ತಾರೆ? ಷರತ್ತುಗಳ ಪುಟ ತೆರೆದು ಓದಿ. ಬಹಳಷ್ಟು ಕಡೆ ಆ ತಿಂಗಳ ಬಾಡಿಗೆಯಲ್ಲಿ ಒಂದು ಪಾಲನ್ನು ಮುಂದಿನ ಬಿಲ್ಲಿನಲ್ಲಿ ಕಳೆಯುತ್ತಾರೆ, ಅದೂ ನೀವೇ ಟಿಕೆಟ್ (ಲಿಖಿತ ದೂರು) ಹಾಕಿ ಕೇಳಿದರೆ. ಸೈಟ್ ನಿಂತಿದ್ದಾಗ ವಾಪಸ್ ಹೋದ ಗಿರಾಕಿಗಳ ಲೆಕ್ಕ ನಿಮ್ಮದು.

ಇನ್ನು ಅನ್‌ಲಿಮಿಟೆಡ್. ಕೊನೆಯೇ ಇಲ್ಲದ ಡಿಸ್ಕನ್ನು ಇನ್ನೂ ಯಾರೂ ತಯಾರು ಮಾಡಿಲ್ಲ ಅಲ್ವಾ? ಪರಿಚಯದವರೊಬ್ಬರ ಸೈಟಿನಲ್ಲಿ ಒಂದು ದಿನ ಫೋಟೊ ಹಾಕಲು ಆಗುತ್ತಿರಲಿಲ್ಲ, ಮೇಲ್ ಕೂಡ ಬರುವುದು ನಿಂತಿತ್ತು. ಹೋಸ್ಟಿಂಗ್ ಖಾತೆಯನ್ನು ನಿಭಾಯಿಸುವ ಪುಟ ಸಿಪ್ಯಾನೆಲ್ ತೆರೆದು ನೋಡಿದೆ. ಡಿಸ್ಕ್ ಬಳಕೆ 4 ಜಿಬಿ, ಪಕ್ಕದಲ್ಲಿ ಮಲಗಿದ ಎಂಟರ ಚಿಹ್ನೆ, ಅಂದರೆ ಮಿತಿಯಿಲ್ಲ. ಅದರ ಕೆಳಗಿನ ಸಾಲು ಮಾತ್ರ ಕೆಂಪು: ಫೈಲ್ ಬಳಕೆ 2,50,000ಕ್ಕೆ 2,50,000. ಸೈಟ್ ಬೇಗ ತೆರೆಯಲೆಂದು ಪುಟಗಳ ಪ್ರತಿ ತೆಗೆದಿಡುವ ಪ್ಲಗಿನ್ (ಸೈಟಿಗೆ ಸೇರಿಸುವ ಪುಟ್ಟ ಸಾಫ್ಟ್‌ವೇರ್) ಒಂದು ಸುಮ್ನೆ ಪುಟ್ಟಪುಟ್ಟ ಫೈಲುಗಳನ್ನು ಉದುರಿಸುತ್ತಾ ಹೋಗಿತ್ತು. ಫೈಲುಗಳ ಸಂಖ್ಯೆಗಿರುವ ಈ ಮಿತಿಗೆ ಐನೋಡ್ ಮಿತಿ ಅನ್ನುತ್ತಾರೆ. ಒಂದು ಫೈಲಿಗೆ ಒಂದು, ಒಂದು ಫೋಲ್ಡರಿಗೆ ಒಂದು. ಜಾಹೀರಾತಿನಲ್ಲಿ ಇದು ಇರುವುದೇ ಅಪರೂಪ. ಒಂದೇ ಸಲಕ್ಕೆ ಎಷ್ಟು ಜನರ ಕೋರಿಕೆಗೆ ಸರ್ವರ್ ಉತ್ತರಿಸಬೇಕು ಎಂಬುದಕ್ಕೂ ಹೀಗೇ ಒಂದು ಮಿತಿ ಇರುತ್ತದೆ. ಜನ ಜಾಸ್ತಿ ಬಂದ ದಿನವೇ 508 ಅನ್ನುವ ಎರರ್ ಕಾಣಿಸಿದರೆ ಕಾರಣ ಇದು.

ಬ್ಯಾಕಪ್ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಸ್ವಲ್ಪ ಜಾಸ್ತಿ. ವರ್ಷಗಳ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಒಂದು ಸೈಟಿನ ಸರ್ವರ್ ಡಿಸ್ಕ್ ಕೆಟ್ಟಿತು. ಕಂಪನಿಯ ಹೆಸರು ಬೇಡ. ಅಲ್ಲೂ ದಿನಾ ಬ್ಯಾಕಪ್ ಅಂತಲೇ ಬರೆದಿತ್ತು. ಎರಡು ದಿನ ಕಾದ ಮೇಲೆ ಒಂದು ಸಾಲಿನ ಮೇಲ್ ಬಂತು: ‘ಕ್ಷಮಿಸಿ, ಬ್ಯಾಕಪ್ ಕೂಡ ಅದೇ ಸರ್ವರಿನಲ್ಲಿತ್ತು.’ ಸುಳ್ಳೇನೂ ಹೇಳಿರಲಿಲ್ಲ, ದಿನಾ ತೆಗೆಯುತ್ತಿದ್ದದ್ದು ನಿಜವೇ. ಅವತ್ತಿನಿಂದ ಪ್ರತಿ ಭಾನುವಾರ ನನ್ನ ಎಲ್ಲ ಸೈಟುಗಳ ಪೂರ್ತಿ ಪ್ರತಿಯನ್ನು ನನ್ನದೇ ಡಿಸ್ಕಿಗೆ ಇಳಿಸಿಕೊಳ್ಳುತ್ತೇನೆ. ಮನೆಯವರು ನಗುತ್ತಾರೆ, ನಗಲಿ.

ದೊಡ್ಡ ಕಂಪನಿ ಆದರೆ ಹೀಗಾಗಲ್ಲ ಅನ್ನುವವರಿಗೆ ಎರಡು ಉದಾಹರಣೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರಿಗೆ ಬೆಂಕಿ ಬಿತ್ತು. ಒಂದು ಕಟ್ಟಡ ಪೂರ್ತಿ ಸುಟ್ಟುಹೋಯಿತು. ಬ್ಯಾಕಪ್ ಕೂಡ ಅದೇ ಆವರಣದಲ್ಲಿದ್ದವರಲ್ಲಿ ಕೆಲವರಿಗೆ ಏನೂ ವಾಪಸ್ ಸಿಗಲಿಲ್ಲ. ಇನ್ನೊಂದು, ಪ್ರೋಗ್ರಾಮರುಗಳು ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನದು, 2017ರ ಜನವರಿ 31. ಅವರ ಎಂಜಿನಿಯರ್ ಒಬ್ಬರ ಕೈತಪ್ಪಿನಿಂದ ಮುಖ್ಯ ಡೇಟಾಬೇಸೇ ಅಳಿಸಿಹೋಯಿತು. ಬ್ಯಾಕಪ್ಪಿಗೆ, ಪ್ರತಿ ಇಡುವುದಕ್ಕೆ ಅಂತ ಐದು ಬಗೆಯ ವ್ಯವಸ್ಥೆ ಇತ್ತು. ಒಂದೂ ನೆಟ್ಟಗೆ ಕೆಲಸ ಮಾಡುತ್ತಿರಲಿಲ್ಲ. ಬ್ಯಾಕಪ್ ಫೇಲ್ ಆಗಿದೆ ಅಂತ ಎಚ್ಚರಿಸುವ ಮೇಲ್‌ಗಳೂ ಯಾರಿಗೂ ತಲುಪುತ್ತಿರಲಿಲ್ಲ. ಕೊನೆಗೆ ಕಾಪಾಡಿದ್ದು, ಸುಮಾರು 6 ಗಂಟೆ ಮುಂಚೆ ಬೇರೆ ಕೆಲಸಕ್ಕೆಂದು ಕೈಯಾರೆ ತೆಗೆದಿಟ್ಟಿದ್ದ ಒಂದು ಪ್ರತಿ. ಇದನ್ನೆಲ್ಲ ಅವರೇ ಬಹಿರಂಗವಾಗಿ ಬರೆದುಕೊಂಡರು. ನನ್ನ ಮಟ್ಟಿಗೆ ಅದು ದೊಡ್ಡ ಗುಣ. ತಪ್ಪಾದಾಗ ಏನಾಯಿತು ಅಂತ ವಿವರವಾಗಿ ಹೇಳುವ ಕಂಪನಿಯನ್ನು ನಾನು ಜಾಸ್ತಿ ನಂಬುತ್ತೇನೆ. ಸೇವೆ ಯಾವಾಗ ನಿಂತಿತ್ತು ಅಂತ ತೋರಿಸುವ ಸ್ಟೇಟಸ್ ಪುಟವನ್ನು ನಿಮ್ಮ ಮೂರು ಕಂಪನಿಗಳಲ್ಲೂ ತೆರೆಯಿರಿ. ವರ್ಷವಿಡೀ ಬರೀ ಹಸಿರು ಗೆರೆ ಇದ್ದರೆ ನನಗಂತೂ ಅನುಮಾನ ಬರುತ್ತದೆ.

ಹಾಗಾದರೆ ಆರಿಸುವುದು ಹೇಗೆ? ನಾನು ಮಾಡುವುದು ಹೇಳುತ್ತೇನೆ. ದುಡ್ಡು ಕಟ್ಟುವ ಮುಂಚೆ, ತಡರಾತ್ರಿ ಅವರ ಚಾಟ್‌ಗೆ ಹೋಗಿ ಎರಡೇ ಪ್ರಶ್ನೆ ಕೇಳುತ್ತೇನೆ. ಐನೋಡ್ ಮಿತಿ ಎಷ್ಟು? ಬ್ಯಾಕಪ್ ಯಾವ ಊರಿನಲ್ಲಿದೆ, ಎಷ್ಟು ದಿನದ್ದು ಇಟ್ಟಿರುತ್ತೀರಿ? ನೇರ ಉತ್ತರ ಬಂದರೆ ಮುಂದಕ್ಕೆ. ‘ನಮ್ಮ ಪ್ರೀಮಿಯಂ ಪ್ಲಾನ್ ನೋಡಿ ಸರ್’ ಅಂತ ಲಿಂಕ್ ಬಂದರೆ ಅಲ್ಲಿಗೇ ಮುಗಿಯಿತು. ಆಮೇಲೆ ಒಂದೇ ಒಂದು ತಿಂಗಳಿಗೆ ತೆಗೆದುಕೊಳ್ಳುತ್ತೇನೆ. ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ಭಾರಿ ರಿಯಾಯಿತಿ ಅನ್ನುತ್ತಾರೆ. ಅದು ಮೊದಲ ಸಲದ ದರ, ರಿನ್ಯೂವಲ್ ದರ ಬೇರೆ. ಅದನ್ನು ಸಣ್ಣ ಅಕ್ಷರದಲ್ಲಿ ಹುಡುಕಬೇಕು.

ಆ ತಿಂಗಳು ಒಂದು ಪರೀಕ್ಷಾ ಸೈಟ್ ಹಾಕಿ, ಹೊರಗಿನಿಂದ ನಿಮಿಷ ನಿಮಿಷಕ್ಕೆ ನೋಡುವ ಮಾನಿಟರ್ ಒಂದನ್ನು ಕಟ್ಟುತ್ತೇನೆ. ಹತ್ತನೇ ದಿನಕ್ಕೆ ಒಂದು ಫೋಲ್ಡರನ್ನೂ ಡೇಟಾಬೇಸನ್ನೂ ನಾನೇ ಅಳಿಸಿ, ‘ನಿನ್ನೆಯದ್ದು ವಾಪಸ್ ಹಾಕಿಕೊಡಿ’ ಅಂತ ಟಿಕೆಟ್ ಹಾಕಿ ಗಡಿಯಾರ ನೋಡುತ್ತಾ ಕೂರುತ್ತೇನೆ. ಒಂದು ಗಂಟೆಯಲ್ಲಿ ಬಂದರೆ ಸಂತೋಷ. ಫೋಲ್ಡರ್ ಬಂದು ಡೇಟಾಬೇಸ್ ಬರದಿದ್ದರೆ ಅಂಥ ಬ್ಯಾಕಪ್ ಇದ್ದೂ ಇಲ್ಲದ ಹಾಗೆ. ಕೊನೆಗೆ ಪೂರ್ತಿ ಪ್ರತಿಯನ್ನು ಯಾರನ್ನೂ ಕೇಳದೆ ನಾನೇ ಇಳಿಸಿಕೊಳ್ಳಬಹುದಾ ಅಂತ ನೋಡುತ್ತೇನೆ. ನಾಳೆ ಬೆಳಿಗ್ಗೆ ಬಿಟ್ಟು ಹೋಗಲು ಬಿಡದ ಕಡೆ ನಾನು ಇವತ್ತು ಕಾಲಿಡುವುದಿಲ್ಲ.

ಅಂದಹಾಗೆ, ನಿಮ್ಮ ಮೂರು ಕಂಪನಿ ನಿಜವಾಗಲೂ ಮೂರೇ ಅಂತ ನೋಡಿಕೊಂಡಿರಾ? ಹೆಸರು ಬೇರೆ, ಮಾಲೀಕರು ಒಬ್ಬರೇ ಅನ್ನುವುದು ಈ ಧಂದೆಯಲ್ಲಿ ಮಾಮೂಲು. ಬ್ಲೂಹೋಸ್ಟ್, ಹೋಸ್ಟ್‌ಗೇಟರ್ ಎರಡೂ 2021ರಲ್ಲಿ ನ್ಯೂಫೋಲ್ಡ್ ಡಿಜಿಟಲ್ ಅನ್ನುವ ಒಂದೇ ಛತ್ರಿಯ ಕೆಳಗೆ ಬಂದವು.

ಪ್ರಶ್ನೆ: ಎಸ್‌ಎಸ್‌ಎಲ್‌ಗೆ (ಸೈಟಿಗೆ ಬೀಗದ ಗುರುತು, https ಕೊಡುವ ಪ್ರಮಾಣಪತ್ರಕ್ಕೆ) ಬೇರೆ ದುಡ್ಡು ಕೇಳುತ್ತಿದ್ದಾರೆ. ಕೊಡಲಾ?

ಬೇಡ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ 2015ರಿಂದ ಪುಕ್ಕಟೆ ಕೊಡುತ್ತಿದೆ. ಅದನ್ನು ಹಾಕಲು ಬಿಡದ ಹೋಸ್ಟನ್ನೇ ಬಿಡಿ.

ಪ್ರಶ್ನೆ: ಡೆಡಿಕೇಟೆಡ್ ಐಪಿ (ನಮ್ಮ ಸೈಟಿಗೇ ಮೀಸಲಾದ ಅಂಕಿ ವಿಳಾಸ) ತೆಗೆದುಕೊಂಡರೆ ಗೂಗಲ್‌ನಲ್ಲಿ ಮೇಲೆ ಬರುತ್ತೇವಂತೆ, ಹೌದಾ?

ಇಲ್ಲ. ಹೇಳಿದವರು ಅದನ್ನೇ ಮಾರುವವರು ಇರಬೇಕು.

ಪ್ರಶ್ನೆ: ‘ಟಾಪ್ 10 ಹೋಸ್ಟಿಂಗ್’ ಪಟ್ಟಿಗಳಲ್ಲಿ ಯಾವುದು ಸರಿ?

ಅಂಥ ಪಟ್ಟಿಯ ಲಿಂಕ್ ಒತ್ತಿ ನೀವು ಖರೀದಿಸಿದರೆ ಬರೆದವರಿಗೆ ಕಮಿಷನ್ ಹೋಗುವುದು ಮಾಮೂಲು. ಮೊದಲ ಸ್ಥಾನ ಯಾರಿಗೆ ಅಂತ ಇನ್ನು ಊಹಿಸಿಕೊಳ್ಳಿ.

ಪ್ರಶ್ನೆ: ಸೈಟ್ ಮಾಡಿಕೊಟ್ಟವರು ಡೊಮೇನನ್ನು (ಸೈಟಿನ ವಿಳಾಸದ ಹೆಸರನ್ನು) ಅವರ ಹೆಸರಿನಲ್ಲೇ ತೆಗೆದಿದ್ದಾರೆ. ಈಗ ಫೋನ್ ಎತ್ತುತ್ತಿಲ್ಲ.

‘ಎಲ್ಲ ನಾವೇ ನೋಡಿಕೊಳ್ಳುತ್ತೇವೆ ಸರ್’ ಅನ್ನುವವರ ಕೆಲಸ ಇದು. ಅಂಗಡಿ ನಿಮ್ಮದು, ಬೋರ್ಡಿನ ಹಕ್ಕು ಅವರದ್ದು. ಡೊಮೇನ್ ಯಾವ ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸುವ ಕಂಪನಿ) ಬಳಿ ಇದೆ, ಅವಧಿ ಯಾವಾಗ ಮುಗಿಯುತ್ತದೆ ಅನ್ನುವುದು ‘whois’ ಅನ್ನುವ ಡೊಮೇನ್ ಮಾಹಿತಿಯ ಹುಡುಕಾಟದಲ್ಲಿ ಸಿಗುತ್ತದೆ. ಇವತ್ತೇ ನೋಡಿ ಬರೆದಿಟ್ಟುಕೊಳ್ಳಿ. ಅವರಿಗೆ ಫೋನ್ ಬಿಟ್ಟು ಮೇಲ್ ಬರೆಯಿರಿ, ಕೊಟ್ಟ ದುಡ್ಡಿನ ರಸೀದಿ ಜೊತೆಗಿಡಿ, ವರ್ಗಾವಣೆಗೆ ಬೇಕಾದ ಗುಪ್ತ ಸಂಕೇತ, ಅಂದರೆ ಆಥ್ ಕೋಡ್ ಕೇಳಿ. ಅದೇ ರಸೀದಿಯ ಜೊತೆ ರಿಜಿಸ್ಟ್ರಾರ್‌ಗೂ ಬರೆಯಿರಿ. ಸಿಕ್ಕ ಮೇಲೆ ನಿಮ್ಮ ಹೆಸರಿನಲ್ಲಿ, ನಿಮ್ಮ ಮೇಲ್ ವಿಳಾಸಕ್ಕೆ ಇಟ್ಟುಕೊಳ್ಳಿ. ಹೋಸ್ಟಿಂಗ್ ಒಂದು ಕಡೆ, ಡೊಮೇನ್ ಇನ್ನೊಂದು ಕಡೆ ಇರಲಿ. ಒಂದೇ ಕಡೆ ಇದ್ದು ಬಿಲ್ಲಿನ ಜಗಳ ಬಂದರೆ ಎರಡೂ ಒಟ್ಟಿಗೆ ಸಿಕ್ಕಿಹಾಕಿಕೊಳ್ಳುತ್ತವೆ.

ಪ್ರಶ್ನೆ: ಹೋಸ್ಟ್ ಬದಲಾಯಿಸಿದರೆ ಸೈಟ್ ಎರಡು ದಿನ ಬಂದ್ ಆಗುತ್ತದಾ?

ಆಗಬೇಕಿಲ್ಲ. ಎರಡು ದಿನ ಮುಂಚೆ ಡಿಎನ್‌ಎಸ್‌ನಲ್ಲಿ (ಸೈಟಿನ ಹೆಸರು ಯಾವ ಸರ್ವರಿಗೆ ಅಂತ ಹೇಳುವ ದಾಖಲೆ) ಟಿಟಿಎಲ್ ಅನ್ನು (ಆ ವಿಳಾಸವನ್ನು ಎಷ್ಟು ಸೆಕೆಂಡು ನೆನಪಿಡಬೇಕು ಅನ್ನುವ ಲೆಕ್ಕ) 300ಕ್ಕೆ, ಅಂದರೆ 5 ನಿಮಿಷಕ್ಕೆ ಇಳಿಸಿ. ಹೊಸ ಜಾಗದಲ್ಲಿ ಸೈಟ್ ಓಡುತ್ತಿದೆ ಅಂತ ಖಾತ್ರಿಯಾದ ಮೇಲೆ ವಿಳಾಸ ಬದಲಾಯಿಸಿ. ಬದಲಾಯಿಸುವ ಹೊತ್ತಿನಲ್ಲಿ ಆರ್ಡರ್ ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಇಲ್ಲದಿದ್ದರೆ ಅರ್ಧ ಹಳೇ ಡೇಟಾಬೇಸಿಗೆ, ಅರ್ಧ ಹೊಸದಕ್ಕೆ ಹೋಗುತ್ತವೆ. ಹಳೇ ಖಾತೆಯನ್ನು ಹದಿನೈದು ದಿನ ಮುಚ್ಚಬೇಡಿ. ನಿಮ್ಮ ಮೇಲ್ ಪೆಟ್ಟಿಗೆ ಇನ್ನೂ ಅಲ್ಲೇ ಇರುತ್ತದೆ.